ಅಕ್ಕ ಬಸ್ಸು ಹತ್ತಿದಳೋ ಇಲ್ಲವೋ

ಅಕ್ಷರಗಳು ನನ್ನ ಕೈಬಿಟ್ಟದ್ದು ಒಂದು ಭಾನುವಾರ ಬೆಳಿಗ್ಗೆ, ಹೊಸದುರ್ಗದ ನಮ್ಮ ಮನೆಯ ಜಗಲಿಯ ಮೇಲೆ. ಹಿಂದಿನ ಸಂಜೆ ಒಂದು ಕಾದಂಬರಿಯನ್ನು ಕೊನೆಯ ಅಧ್ಯಾಯದವರೆಗೆ ತಂದು, ಬೇಕೆಂದೇ ಮುಚ್ಚಿಟ್ಟಿದ್ದೆ. ಒಳ್ಳೆಯ ಕಥೆ ಮುಗಿಯಲು ಬಂದಾಗ ಹಾಗೆ ನಿಲ್ಲಿಸುವುದು ನನಗೊಂದು ಚಟ. ಮುಂದೇನಾಗುತ್ತದೆ ಎಂದು ಯೋಚಿಸುತ್ತಾ ಅಡಿಗೆ ಮಾಡುವುದು, ಪಾತ್ರೆ ತೊಳೆಯುವುದು, ಮಲಗುವುದು. ಬೆಳಿಗ್ಗೆ ಎದ್ದು ಚಹಾ ಹಿಡಿದುಕೊಂಡು ಆ ಉಳಿದ ಪುಟಗಳನ್ನು ಒಂದೇ ಉಸಿರಿಗೆ ಓದುವುದು. ಅದರಷ್ಟು ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಅದು ಗ್ರಂಥಾಲಯದಿಂದ ತಂದಿದ್ದ ಹಳೆಯ ಪುಸ್ತಕ. ಒಬ್ಬಳು ಅಕ್ಕ, ತಾಯಿಯಿಲ್ಲದ ತಮ್ಮನನ್ನು ಅವಳೇ ಬೆಳೆಸಿರುತ್ತಾಳೆ. ತಮ್ಮ ಒಂದು ದಿನ ಯಾವುದೋ ಲಾರಿಯ ಕ್ಲೀನರ್ ಆಗಿ ಹೊರಟುಹೋಗುತ್ತಾನೆ, ತಿರುಗಿ ಬರುವುದಿಲ್ಲ. ಅಕ್ಕ ಹೆದ್ದಾರಿಯ ಹೋಟೆಲುಗಳಲ್ಲಿ ಪಾತ್ರೆ ತಿಕ್ಕುತ್ತಾ, ನಿಂತ ಲಾರಿಗಳ ಹತ್ತಿರ ಹೋಗಿ ವಿಚಾರಿಸುತ್ತಾ, ಊರಿಂದೂರಿಗೆ ಅವನನ್ನು ಹುಡುಕುತ್ತಾಳೆ. ಸಿಕ್ಕುತ್ತಾನೋ ಇಲ್ಲವೋ ಅನ್ನುವುದೊಂದೇ ಉಳಿದಿತ್ತು.

ಪುಟ ತೆರೆದೆ. ಅಕ್ಷರಗಳು ಇದ್ದವು. ಕಪ್ಪಗೆ, ದುಂಡಗೆ, ಸಾಲಾಗಿ ನಿಂತಿದ್ದವು. ಒಂದೂ ಮಾತಾಡಲಿಲ್ಲ.

ಕನ್ನಡಕ ಮಸುಕಾಗಿದೆ ಎಂದುಕೊಂಡು ಸೆರಗಿನಿಂದ ಒರೆಸಿದೆ. ಮತ್ತೆ ನೋಡಿದೆ. ನನ್ನ ತವರು ಹಿರಿಯೂರು ತಾಲ್ಲೂಕಿನ ಹರಿಯಬ್ಬೆ. ಅಲ್ಲಿಂದ ಸ್ವಲ್ಪ ದೂರ ಹೋದರೆ ಆಂಧ್ರ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಆ ಕಡೆಯ ಊರುಗಳಿಗೆ ಹೋದರೆ ಅಂಗಡಿಗಳ ಬೋರ್ಡು ನೋಡಿ ನನಗೆ ತಲೆ ಕೆಡುತ್ತಿತ್ತು. ಎಲ್ಲ ನಮ್ಮ ಅಕ್ಷರದ ಹಾಗೇ ಇರುತ್ತವೆ, ಇನ್ನೇನು ಓದಿಯೇ ಬಿಟ್ಟೆ ಅನ್ನಿಸುತ್ತದೆ, ಆದರೆ ಓದಲು ಹೋದರೆ ಕೈಗೆ ಸಿಗುವುದಿಲ್ಲ. ಆ ಬೆಳಿಗ್ಗೆ ನನ್ನ ಕನ್ನಡವೇ ಗಡಿಯಾಚೆ ಹೋಗಿ ನಿಂತಿತ್ತು.

ನನ್ನ ಗಂಡ ಕುರಿ ದೊಡ್ಡಿಯಿಂದ ಬಂದರು. ಅವರು ಶ್ರೀರಾಂಪುರ ಕಡೆಯ ಕುರಿ ಸಾಕುವ ಮನೆತನದವರು. ಊರ ಹೊರಗೆ ನಮ್ಮ ಮನೆ ಪಕ್ಕದಲ್ಲೇ ದೊಡ್ಡಿ ಇದೆ.

"ಏನೇ, ಪುಸ್ತಕನ ಹಂಗ್ಯಾಕೆ ನೋಡ್ತಿದೀಯ?" ಅಂದರು.

"ಓದಕ್ಕೆ ಬರ್ತಿಲ್ಲ ಕಣ್ರಿ."

ಅವರು ನಕ್ಕರು. "ಕನ್ನಡ ಟೀಚರಮ್ಮಂಗೆ ಓದಕ್ಕೆ ಬರಲ್ವಂತೆ!"

ನಾನು ಎದ್ದು ಒಳಗೆ ಹೊರಟೆ. ಬಲಗಡೆಯ ಬಾಗಿಲ ಚೌಕಟ್ಟು ಅಲ್ಲಿದೆ ಅನ್ನುವುದೇ ನನಗೆ ಕಾಣಲಿಲ್ಲ. ಭುಜ ಅದಕ್ಕೆ ಬಡಿದು ಕೈಯಲ್ಲಿದ್ದ ಚಹಾದ ಲೋಟ ಬಿತ್ತು. ಆಗ ಅವರ ನಗು ನಿಂತಿತು. ಪಕ್ಕದ ಮನೆಯವರ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ಚಿತ್ರದುರ್ಗಕ್ಕೆ ಹೊರಟೇಬಿಟ್ಟರು. ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ಆ ಕೈಗೆ ಮೇವಿನ ವಾಸನೆಯಿತ್ತು.

ಆಸ್ಪತ್ರೆಯಲ್ಲಿ ಸ್ಕ್ಯಾನು, ರಕ್ತ ಪರೀಕ್ಷೆ ಎಲ್ಲ ಆದಮೇಲೆ ಡಾಕ್ಟರು ಒಂದು ಹಾಳೆ, ಪೆನ್ನು ಕೊಟ್ಟು, "ಏನಾದರೂ ಬರೀರಿ" ಅಂದರು. "ನಾನು ಹೊಸದುರ್ಗದಲ್ಲಿ ಕನ್ನಡ ಕಲಿಸುತ್ತೇನೆ" ಎಂದು ಬರೆದೆ. ಕೈ ಒಂದು ಚೂರೂ ತಡವರಿಸಲಿಲ್ಲ. ನನಗೆ ಎಷ್ಟು ಸಮಾಧಾನವಾಯಿತೆಂದರೆ ಅಳುವೇ ಬಂತು. ಡಾಕ್ಟರು ಹಾಳೆಯನ್ನು ಒಂದು ನಿಮಿಷ ಮಡಚಿಟ್ಟು, ಮತ್ತೆ ಬಿಚ್ಚಿ ನನ್ನ ಮುಂದೆ ಹಿಡಿದರು. "ಈಗ ಓದ್ರಿ."

ನೋಡಿದೆ. ಯಾರೋ ಬರೆದ ಯಾವುದೋ ಸಾಲು.

"ಏನು ಬರೆದೆ ಅಂತ ನೆನಪಿದೆ ಸರ್. ಆದರೆ ಇದು ಅದೇನಾ ಅಂತ ಗೊತ್ತಾಗ್ತಿಲ್ಲ," ಅಂದೆ.

ಮೆದುಳಿನ ಹಿಂಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ, ಕಣ್ಣು ನೋಡಿದ ಅಕ್ಷರ ಅರ್ಥವಾಗುವ ಜಾಗಕ್ಕೆ ಹೋಗುವ ದಾರಿ ಕತ್ತರಿಸಿಹೋಗಿದೆ, ಬರೆಯುವ ದಾರಿ ಬೇರೆ, ಅದು ಉಳಿದಿದೆ ಎಂದು ಅವರು ವಿವರಿಸಿದರು. ಮಾತಿಗೆ, ನೆನಪಿಗೆ ಏನೂ ಆಗಿಲ್ಲ, ಅದೃಷ್ಟ ಅಂದರು.

"ಓದೋದು ವಾಪಸ್ ಬರ್ತದಾ ಸರ್?" ಗಂಡ ಕೇಳಿದರು.

"ಕೆಲವರಿಗೆ ಬರುತ್ತೆ, ಸ್ವಲ್ಪ. ಹೇಳಕ್ಕಾಗಲ್ಲ."

ಕೆಲವು ದಿನ ಆಸ್ಪತ್ರೆಯಲ್ಲಿದ್ದು ವಾಪಸ್ಸು ಬರುವಾಗ ಹೊಳಲ್ಕೆರೆ ಮೇಲಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಅವು ಗೊತ್ತಾದವು. ಕೆರೆ, ತೆಂಗಿನ ತೋಟ, ಪೆಟ್ರೋಲ್ ಬಂಕು, ಎಲ್ಲ ಗೊತ್ತಾದವು. ಊರ ಹೆಸರಿನ ಕಲ್ಲುಗಳು ಮಾತ್ರ ಒಂದಾದಮೇಲೊಂದು ನನ್ನನ್ನು ಗುರುತೇ ಇಲ್ಲದವರ ಹಾಗೆ ನೋಡಿ ಹಿಂದೆ ಹೋದವು. ಬಸ್ಸಿನಲ್ಲಿ ಕೂತರೆ ಬೇಡವೆಂದರೂ ಗೋಡೆ ಮೇಲಿನ ಜಾಹೀರಾತುಗಳನ್ನೆಲ್ಲ ಓದುವುದು ನನ್ನ ಅಭ್ಯಾಸ. ಕಣ್ಣು ಈಗಲೂ ಹಾಗೇ ಓಡುತ್ತಿತ್ತು, ಬರಿಗೈಯಲ್ಲಿ ವಾಪಸ್ಸು ಬರುತ್ತಿತ್ತು.

ಶಾಲೆಯಲ್ಲಿ ರಜೆ ಕೊಟ್ಟರು. ಆದರೂ ಒಂದೆರಡು ತಿಂಗಳಾದಮೇಲೆ ನನಗೆ ಧೈರ್ಯ ಬಂತು. ಎಂಟನೇ ತರಗತಿಯ ಪಾಠಗಳೆಲ್ಲ ನನಗೆ ಬಾಯಿಪಾಠ. ಪುಸ್ತಕ ಸುಮ್ಮನೆ ಕೈಯಲ್ಲಿ ಹಿಡಿದರಾಯಿತು ಎಂದುಕೊಂಡು ಹೋದೆ. ಪಾಠ ಚೆನ್ನಾಗಿಯೇ ನಡೆಯಿತು. ಮಕ್ಕಳು ನಕ್ಕರು, ಪ್ರಶ್ನೆಗೆ ಉತ್ತರ ಹೇಳಿದರು. ಗಂಟೆ ಹೊಡೆಯುವ ಮುಂಚೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು ಪುಸ್ತಕದ ಮೇಲೆ ಬೆರಳಿಟ್ಟು, "ಮಿಸ್, ಇದು ಯಾವ ಪದ?" ಅಂದಳು. ಅವಳ ಬೆರಳನ್ನೇ ನೋಡಿದೆ. ಉಗುರಿನಲ್ಲಿ ಮೆಹಂದಿ ಅರ್ಧ ಮಾಸಿತ್ತು. "ನೀನೇ ಜೋಡಿಸಿ ಓದು ನೋಡೋಣ," ಅಂದೆ. ಅವಳು ಪ್ರಯತ್ನಿಸಿದಳು, ಆಗಲಿಲ್ಲ. ಕತ್ತೆತ್ತಿ ನನ್ನ ಮುಖ ನೋಡುತ್ತಾ ಕಾಯುತ್ತಾ ನಿಂತಳು. ಅವಳ ಪಕ್ಕದವಳು ಬಗ್ಗಿ ಓದಿ ಹೇಳಿದಳು. ನಾನು ಆವತ್ತೇ ಹೆಡ್‌ಮಾಸ್ಟರ ಕೋಣೆಗೆ ಹೋಗಿ, ಇನ್ನು ಬರುವುದಿಲ್ಲ ಎಂದು ಹೇಳಿ ಬಂದೆ.

ಮನೆಯಲ್ಲಿ ಕೂತರೆ ಆ ಅಕ್ಕನದೇ ಯೋಚನೆ. ಹೆದ್ದಾರಿ ಬದಿಯಲ್ಲಿ ಅವಳನ್ನು ನಿಲ್ಲಿಸಿ ಬಂದಿದ್ದೆ. ಪುಸ್ತಕದ ಅವಧಿ ಮುಗಿದು, ಗಂಡ ಅದನ್ನು ಮತ್ತೆ ನನ್ನ ಹೆಸರಿಗೇ ಬರೆಸಿಕೊಂಡು ಬಂದಿದ್ದರು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಗಣಿತದ ಟೀಚರು ನೋಡಲು ಬಂದಾಗ ಅದನ್ನು ಕೈಗೆತ್ತಿಕೊಂಡು, "ಇಷ್ಟೇ ತಾನೇ ಉಳಿದಿರೋದು? ನಾನು ಮನೇಲಿ ಓದ್ಕಂಡು ಬಂದು ಏನಾಯ್ತು ಅಂತ ಹೇಳ್ತೀನಿ ಬಿಡ್ರಿ," ಅಂದರು.

"ಬೇಡ," ಅಂದೆ. ಅವರಿಗೆ ಬೇಸರವಾಯಿತೇನೋ. ಆದರೆ ಏನಾಯಿತು ಎಂದು ತಿಳಿಯುವುದು ನನಗೆ ಬೇಕಿರಲಿಲ್ಲ. ಅಲ್ಲಿಗೆ ನಡೆದುಕೊಂಡು ಹೋಗಬೇಕಿತ್ತು.

ಅವರು ಹೋದಮೇಲೆ ಗಂಡ ಕೈ ತೊಳೆದುಕೊಂಡು ಬಂದು ನನ್ನೆದುರು ಕೂತರು. "ಕೊಡು ಇಲ್ಲಿ. ನಾನು ಓದ್ತೀನಿ."

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಒಂದು ಕಥೆ ಪುಸ್ತಕ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ಹೈಸ್ಕೂಲು ಅರ್ಧಕ್ಕೆ ಬಿಟ್ಟು ಕುರಿ ಹಿಂದೆ ಹೋದವರು. ಸಂತೆಯಲ್ಲಿ ಹರಾಜು ಕೂಗುವವರ ಹಾಗೆ, ಎಲ್ಲ ವಾಕ್ಯವನ್ನೂ ಒಂದೇ ಎತ್ತರದಲ್ಲಿ ಓದಿದರು. ಅಲ್ಪವಿರಾಮ ಬಂದ ಕಡೆ ನಿಲ್ಲುತ್ತಿರಲಿಲ್ಲ, ಉಸಿರು ಕಟ್ಟಿದ ಕಡೆ ನಿಲ್ಲುತ್ತಿದ್ದರು. ಕಣ್ಣು ಮುಚ್ಚಿ ಕೇಳಿದೆ. ಹೋಟೆಲಿನ ಹೊಗೆ, ಮಳೆ ಬಂದ ರಸ್ತೆ, ಅಕ್ಕನ ಒಡೆದ ಹಿಮ್ಮಡಿ ಎಲ್ಲ ಆ ಒರಟು ದನಿಯಲ್ಲೂ ಬಂದು ನಿಂತವು. ನಡುವೆ ಎಲ್ಲೋ ಒಂದು ಕಡೆ ಸಂಜೆ ಇದ್ದದ್ದು ಏಕಾಏಕಿ ಬೆಳಗಾಯಿತು.

"ನೀವು ಬಿಟ್ಟು ಓದಿದ್ರಿ," ಅಂದೆ.

"ಬರೀ ಮೋಡದ ವಿಷ್ಯ ಕಣೆ. ಅದ್ರಲ್ಲೇನೈತೆ?"

"ಮೋಡವೂ ಬೇಕು."

ಗೊಣಗಿಕೊಂಡೇ ಹಿಂದಕ್ಕೆ ಹೋಗಿ ಮೋಡವನ್ನೂ ಓದಿದರು. ದಿನಾ ಕುರಿ ಹೊರಗೆ ಬಿಡುವ ಮುಂಚೆ ಸ್ವಲ್ಪ ಸ್ವಲ್ಪ ಓದುತ್ತಾ ಕೊನೆಯ ಪುಟಕ್ಕೆ ಬಂದೆವು. ಆ ದಿನ ಅವರ ದನಿ ಒಂದು ಕಡೆ ತಗ್ಗಿತು. ಗಂಟಲು ಸರಿಮಾಡಿಕೊಂಡರು. ಆಮೇಲೆ ಓದಿದರು: ಬಸ್ಸಿಂದ ಇಳಿದ ಒಬ್ಬ ಹುಡುಗ ಅಕ್ಕನ ಹತ್ತಿರ ಬಂದ, ಬಿಳಿ ಅಂಗಿ ಹಾಕಿದ್ದ, ಅವನೇ ತಮ್ಮ, ಇಬ್ಬರೂ ಊರಿಗೆ ಹೋದರು, ಚೆನ್ನಾಗಿದ್ದರು.

ಪುಸ್ತಕ ಮುಚ್ಚಿ, "ಸಿಕ್ಕಿದ ನೋಡು," ಅಂದರು.

ಅಷ್ಟು ದೂರ ಅಷ್ಟು ನಿಧಾನವಾಗಿ ನಡೆಸಿಕೊಂಡು ಬಂದ ಲೇಖಕರು ಹೀಗೆ ಹಾರಿ ಮನೆ ಸೇರುತ್ತಾರೆಯೇ ಎಂದು ಮನಸ್ಸು ಕೊರೆಯಿತು. ಮಾರನೆಯ ದಿನ, "ಕೊನೇ ಪುಟ ಇನ್ನೊಂದು ಸಲ ಓದ್ರಿ," ಅಂದೆ. ಓದಿದರು. ಹುಡುಗ ಈ ಸಲ ಲಾರಿಯಿಂದ ಇಳಿದ. ಅಂಗಿ ಖಾಕಿಯಾಗಿತ್ತು.

"ನಿನ್ನೆ ಬಿಳಿ ಅಂಗಿ ಇತ್ತು," ಅಂದೆ.

ಅವರು ಪುಸ್ತಕದಿಂದ ಕಣ್ಣೆತ್ತಲಿಲ್ಲ. ನಾನು ಕೈ ಚಾಚಿ ಅದನ್ನು ಕಿತ್ತುಕೊಂಡೆ. ಪುಟವನ್ನು ಮುಖದ ಹತ್ತಿರ ಹಿಡಿದೆ, ದೂರ ಹಿಡಿದೆ, ಬೆಳಕಿಗೆ ಹಿಡಿದೆ. ನನಗೆ ಬೇಕಾದದ್ದು ಅಂಗೈ ಅಗಲದಲ್ಲಿ ಇತ್ತು, ಅದರ ಮೇಲೆ ನನ್ನ ಕಣ್ಣೂ ಇತ್ತು. ಸುಳ್ಳೋ ನಿಜವೋ ಅಂತ ನೋಡಿಕೊಳ್ಳಲು ನನ್ನಿಂದ ಆಗಲಿಲ್ಲ. ಸ್ಕ್ಯಾನಿನ ದಿನವೂ ನಾನು ಅಷ್ಟು ಅತ್ತಿರಲಿಲ್ಲ.

"ಅಲ್ಲಿ ಏನೂ ಬರ್ದಿಲ್ಲ ಕಣೆ!" ಅಂದುಬಿಟ್ಟರು. ಅವರ ಮುಖ ಕೆಂಪಾಗಿತ್ತು. "ಬಸ್ಸು ಬರ್ತದೆ ಅಂತೈತೆ, ಅಷ್ಟೆ. ಮುಂದೇನೂ ಇಲ್ಲ. ಹಾಳೆ ಹರಿದೈತೇನೋ ಅಂತ ತಿರುವಿ ಮುರುವಿ ನೋಡ್ದೆ. ಇಷ್ಟು ದಿನ ಕಾದಿದೀಯ, ಏನೂ ಆಗ್ಲಿಲ್ಲ ಅಂತ ಹೆಂಗ್ ಹೇಳ್ಲಿ ನಿಂಗೆ? ನಂಗೆ ತಿಳಿದಿದ್ದು ಹೇಳ್ದೆ."

ಅವರ ಮಾತು ನಿಜವೆಂದು ನನಗೆ ಅನ್ನಿಸಿತು. ಆದರೂ ಅವರ ಮಾತನ್ನೇ ನಂಬಬೇಕಲ್ಲ ಅನ್ನುವ ಸಂಕಟ ಹೋಗಲಿಲ್ಲ. ಇನ್ನು ಮೇಲೆ ಔಷಧಿಯ ಚೀಟಿ, ಬ್ಯಾಂಕಿನ ಕಾಗದ, ಕಥೆಯ ಕೊನೆ, ಯಾವುದನ್ನಾದರೂ ಯಾರಾದರೂ ಓದಿ ಹೇಳಿದ್ದೇ ನನಗೆ ನಿಜ.

ಮುಂದಿನ ಸಲ ಚಿತ್ರದುರ್ಗಕ್ಕೆ ಹೋದಾಗ ಡಾಕ್ಟರಿಗೆ ಇದನ್ನೆಲ್ಲ ಹೇಳಿದೆ. ಅವರು ನನ್ನನ್ನು ಮಾತಿನ ಚಿಕಿತ್ಸೆ ಮಾಡುವ ಒಬ್ಬ ಹುಡುಗಿಯ ಹತ್ತಿರ ಕಳಿಸಿದರು. "ಕಣ್ಣಿಗೆ ಗೊತ್ತಾಗದಿದ್ದರೆ ಕೈಗೆ ಕೇಳಿ ಮೇಡಂ. ಅಕ್ಷರದ ಮೇಲೆ ಬೆರಳಾಡಿಸಿ," ಅಂದಳು ಅವಳು. ಒಂದು ದಪ್ಪ ಅಕ್ಷರ ತೋರಿಸಿದಳು. ಅದರ ಗೆರೆಯ ಮೇಲೆ ಬೆರಳು ಎಳೆದೆ. ಸುತ್ತಿ, ಒಳಗೆ ಬಂದು, ಮೇಲೆ ಕೊಂಡಿ ಹಾಕುವ ಹೊತ್ತಿಗೆ ಕೈ ತಾನಾಗಿಯೇ "ಅ" ಅಂದಿತು.

ಮನೆಗೆ ಬಂದು ಆ ಕೊನೆಯ ಪುಟ ತೆಗೆದೆ. ಒಂದೊಂದೇ ಅಕ್ಷರ. ಒತ್ತಕ್ಷರ ಬಂದರೆ ಬೆರಳು ದಾರಿ ತಪ್ಪುತ್ತಿತ್ತು. ಒಂದು ಪದ ಕೂಡಿಸಿಕೊಳ್ಳುವಷ್ಟರಲ್ಲಿ ಬೆವರು ಬರುತ್ತಿತ್ತು. ವಾಕ್ಯದ ತುದಿಗೆ ಬರುವ ಹೊತ್ತಿಗೆ ಅದರ ಮೊದಲು ಮರೆತುಹೋಗಿ ಮತ್ತೆ ಹಿಂದಕ್ಕೆ. ಅಚ್ಚಿನ ಅಕ್ಷರ ಎಷ್ಟು ಚಿಕ್ಕದೆಂದರೆ ಗಂಡ ಆ ಪುಟದ ಫೋಟೋ ಫೋನಿನಲ್ಲಿ ಹಿಡಿದು, ಪೇಟೆಯಲ್ಲಿ ದೊಡ್ಡದಾಗಿ ಪ್ರಿಂಟು ಹಾಕಿಸಿಕೊಂಡು ಬಂದರು. ಓದುವುದೆಂದರೆ ತೇಲಿಹೋಗುವುದು ಎಂದುಕೊಂಡಿದ್ದವಳು ನಾನು. ಈಗ ಕಲ್ಲು ಹೊರುತ್ತಿದ್ದೆ. ಎಷ್ಟೋ ಸಲ ಹಾಳೆಯನ್ನು ಮೂಲೆಗೆ ಎಸೆದಿದ್ದೇನೆ. ಮಾರನೇ ದಿನ ಅದು ಮಡಿಸಿ ಮೇಜಿನ ಮೇಲೆ ಇಟ್ಟಿರುತ್ತಿತ್ತು.

ಕೊನೆಗೂ ಒಂದು ಬೆಳಿಗ್ಗೆ ಕೊನೆಯ ಸಾಲಿಗೆ ಬಂದೆ. ಬಸ್ಸು ಬಂದು ನಿಂತಿತು. ಅಕ್ಕ ಗಂಟನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಂಡಳು.

ಬೆರಳು ಮುಂದೆ ಹೋಯಿತು. ಖಾಲಿ ಕಾಗದ ನುಣ್ಣಗಿತ್ತು. ಅಷ್ಟೇ. ಗಂಡ ಹೇಳಿದ್ದು ನಿಜ. ಏನೂ ಬರೆದಿರಲಿಲ್ಲ.

ಸಂತೋಷವಾಯಿತೇ ಎಂದು ಕೇಳಿದರೆ, ಆಯಿತು. ಮುಗಿಸಿದೆ ಅನ್ನುವ ಸಂತೋಷ. ಆದರೆ ಹಿಂದೆಲ್ಲ ಕಥೆ ಮುಗಿದಾಗ ಅದು ಇಡಿಯಾಗಿ ನನ್ನೊಳಗೆ ಇರುತ್ತಿತ್ತು. ಈ ಸಲ ಚೂರು ಚೂರಾಗಿ ಕೈಯಲ್ಲಿತ್ತು, ಜೋಡಿಸಿಕೊಳ್ಳುವ ಹೊತ್ತಿಗೆ ಸೋರಿಹೋಗುತ್ತಿತ್ತು. ಅವರನ್ನು ಕರೆದು, "ಬರೆದಷ್ಟನ್ನೇ ಓದ್ರಿ, ಒಂದು ಪದ ಹೆಚ್ಚು ಬೇಡ," ಅಂದೆ. ಓದಿದರು, ಅದೇ ಹರಾಜಿನ ದನಿಯಲ್ಲಿ. ಕೊನೆಯ ಸಾಲಿಗೆ ನಿಲ್ಲಿಸಿದರು.

ಇದಾಗಿ ಈಗ ಬಹಳ ಕಾಲವಾಗಿದೆ. ಓದು ಅದಕ್ಕಿಂತ ಮುಂದೆ ಹೋಗಿಲ್ಲ. ದೊಡ್ಡ ಅಕ್ಷರದಲ್ಲಿ ಒಂದೆರಡು ಸಾಲು, ಅದೂ ಬೆರಳಿನಿಂದ. ಇದನ್ನು ನಾನೇ ಬರೆಯುತ್ತಿದ್ದೇನೆ, ಆದರೆ ಮೇಲೆ ಏನು ಬರೆದೆನೆಂದು ತಿರುಗಿ ನೋಡಲು ಆಗುವುದಿಲ್ಲ. ಗಣಿತದ ಟೀಚರು ಓದಿ, ಒಂದೇ ಮಾತು ಎರಡು ಸಲ ಬಂದಿದ್ದರೆ ಹೇಳುತ್ತೇನೆ ಎಂದಿದ್ದಾರೆ. ಗಂಡ ಮತ್ತೊಂದು ಪುಸ್ತಕ ಶುರು ಮಾಡಿದ್ದಾರೆ. ಅದನ್ನು ತರುವ ಮುಂಚೆ ಗ್ರಂಥಾಲಯದಲ್ಲೇ ಕೊನೆಯ ಪುಟ ತೆಗೆದು, ಕಥೆ ಮುಗಿದಿದೆಯೋ ಇಲ್ಲವೋ ನೋಡಿಕೊಂಡು ಬಂದರಂತೆ.

ಆದರೂ ಅವರಿಗೆ ಆ ಅಕ್ಕನನ್ನು ಬಿಡಲು ಆಗಿಲ್ಲ. ಮೊನ್ನೆ ಊಟಕ್ಕೆ ಕೂತವರು ರೊಟ್ಟಿ ಮುರಿಯುತ್ತಾ ಕೇಳಿದರು: "ಗಂಟು ಯಾಕೆ ಕೈ ಬದಲಾಯಿಸಿದ್ಲು ಹೇಳು? ಬಸ್ಸಿನ ಕಂಬಿ ಹಿಡಿಯಾಕೆ. ಹತ್ತಿದ್ಲು ಕಣೆ."

"ಕೈ ನೋವಾಗಿರಬಹುದು," ಅಂದೆ.

"ಅಲ್ಲ, ಹತ್ತಿದ್ಲು."

"ನನಗೆ ಗೊತ್ತಿಲ್ಲ ಕಣ್ರಿ."

"ಇಷ್ಟು ಪುಸ್ತಕ ಓದಿದೀಯ, ಗೊತ್ತಿಲ್ಲ ಅಂದ್ರೆ?" ಎಂದು ಅವರು ನಿಜವಾಗಿಯೂ ಸಿಟ್ಟಾದರು. ನಾನು ಅವರ ತಟ್ಟೆಗೆ ಇನ್ನೊಂದಿಷ್ಟು ಪಲ್ಯ ಬಡಿಸಿದೆ.