ನಾನು ವೈರ್ ಕಿತ್ತಿರಲಿಲ್ಲ

ಆಟದ ಸರ್ವರ್ ನಮ್ಮ ಮನೆಯಲ್ಲಿತ್ತು. ನನ್ನ ಮೇಲಿನ ಆರೋಪಕ್ಕೆ ಅದೊಂದೇ ಸಾಕ್ಷಿ.

೨೦೧೬, ಪದವಿಯ ಎರಡನೆಯ ವರ್ಷ. ಶಿರಗುಪ್ಪಿಯ ಹತ್ತಿರದ ನಮ್ಮ ತೋಟದ ಮನೆಯಲ್ಲಿ ಅಣ್ಣನ ಹಳೆಯ ಕಂಪ್ಯೂಟರಿನಿಂದ ನಾನು ಸರ್ವರ್ ನಡೆಸುತ್ತಿದ್ದೆ. ಕಾಲೇಜಿನ ಇಬ್ಬರು ಗೆಳತಿಯರು, ಒಬ್ಬಳು ಐನಾಪುರದವಳು, ಇನ್ನೊಬ್ಬಳು ಹಾರೂಗೇರಿಯವಳು, ತಮ್ಮ ಮನೆಗಳಿಂದಲೇ ಸೇರಿಕೊಳ್ಳುತ್ತಿದ್ದರು. ಕೋಟೆ ಕಟ್ಟುವುದು, ಮತ್ತೊಬ್ಬರದನ್ನು ಕೆಡವುವುದು ಆಟ. ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಶುರು.

ಮಾರ್ಚಿನಿಂದ ಜುಲೈವರೆಗೆ ತೊಂದರೆಯಿರಲಿಲ್ಲ. ಆಗಸ್ಟಿನಲ್ಲಿ ಅವರಿಬ್ಬರ ಸಂಪರ್ಕ ನಡುವೆ ನಡುವೆ ಕಡಿದುಹೋಗತೊಡಗಿತು. ನನ್ನದು ಕಡಿಯುತ್ತಿರಲಿಲ್ಲ, ಸರ್ವರ್ ನನ್ನ ಮುಂದೆಯೇ ಇತ್ತಲ್ಲ. ಅವರು ಮರಳುವಷ್ಟರಲ್ಲಿ ಅವರ ಕೋಟೆ ಅರ್ಧ ಬಿದ್ದಿರುತ್ತಿತ್ತು. ನಾನು ಕೆಡವುವುದನ್ನು ನಿಲ್ಲಿಸುತ್ತಿರಲಿಲ್ಲ ಎಂಬುದೂ ನಿಜ.

"ಸೋಲು ಬಂತಂದ್ರ ವೈರ್ ಕೀಳ್ತಿ ಬೇ ನೀ," ಎಂದಳು ಐನಾಪುರದವಳು ಫೋನಿನಲ್ಲಿ. "ಇಂಟರ್‌ನೆಟ್ ಹ್ವಾದ್ರ ನಿನಗೇನ್ ಆಗ್ತೈತಿ? ಸರ್ವರ್ ತೊಡಿ ಮ್ಯಾಲ ಇಟ್ಕೊಂಡ ಕುಂತಿ."

"ದಸರಾ ಆದ ಮ್ಯಾಲ ಸರ್ವರ್ ನಮ್ಮನ್ಯಾಗ," ಎಂದಳು ಹಾರೂಗೇರಿಯವಳು. "ನಿನ್ನ ಮ್ಯಾಲ ಭರೋಸಾ ಇಲ್ಲ."

ಸರ್ವರ್ ಹೋದರೆ ಹೋಗಲಿ, ಮೋಸಗಾತಿ ಎನ್ನಿಸಿಕೊಂಡು ಬಿಟ್ಟುಕೊಡಲಾರೆ ಎಂದು ವಹಿ ತೆರೆದೆ. ದಿನಾಂಕ, ಸಮಯ, ಯಾರದು ಕಡಿಯಿತು, ಆಗ ಯಾರು ಗೆಲ್ಲುತ್ತಿದ್ದರು, ಕರೆಂಟು, ಹವೆ. ಪ್ರತಿ ವಾರ ಒಂದನ್ನೇ ಬದಲಿಸಿದೆ: ಮೊದಲು ರೂಟರಿನ ಪೋರ್ಟ್, ಆಮೇಲೆ ಫೈರ್‌ವಾಲ್, ಆಮೇಲೆ ಕೇಬಲ್. ಐದು ಭಾನುವಾರಕ್ಕೆ ಇಪ್ಪತ್ಮೂರು ಕಡಿತ. ನಾನು ಸೋಲುತ್ತಿದ್ದಾಗ ಆದದ್ದು ಒಂಬತ್ತೇ. ಕ್ಯಾಂಟೀನಿನಲ್ಲಿ ಓದಿ ಹೇಳಿದೆ.

"ವಹಿ ನಿಂದ, ಪೆನ್ ನಿಂದ," ಎಂದಳು ಐನಾಪುರದವಳು. "ಬರಕೋ, ನಿನಗ್ಯಾರ್ ಬ್ಯಾಡ ಅಂತಾರ?"

ಆ ಸಂಜೆ ಹವೆಯ ಕಾಲಮ್ಮಿನ ಮೇಲೆ ಬೆರಳಾಡಿಸಿದೆ. ಇಪ್ಪತ್ಮೂರರಲ್ಲಿ ಇಪ್ಪತ್ತರ ಎದುರು 'ಗಾಳಿ' ಎಂದಿತ್ತು. ಎದ್ದು ಹೊರಗೆ ಬಂದೆ.

ನಮಗೆ ಇಂಟರ್‌ನೆಟ್ ಕಾಗವಾಡದ ಕಡೆಯ ಟವರಿನಿಂದ ಗಾಳಿಯಲ್ಲೇ ಬರುತ್ತಿತ್ತು. ಅದನ್ನು ಹಿಡಿಯುವ ತಟ್ಟೆ ದನದ ಕೊಟ್ಟಿಗೆಯ ತಗಡಿನ ಪತ್ರಾದ ಮೇಲೆ, ಗಿಡ್ಡ ಕಂಬಕ್ಕೆ ಬಿಗಿದಿತ್ತು. ಅದನ್ನು ಕೂರಿಸಿದ್ದು ಫೆಬ್ರುವರಿಯಲ್ಲಿ, ಕಾಕಾನ ಕಬ್ಬು ಆಗಷ್ಟೇ ಕಾರ್ಖಾನೆಗೆ ಹೋಗಿ ಹೊಲ ಬಯಲಾಗಿದ್ದಾಗ. ಟವರ್ ಅಂಗಳದಿಂದಲೇ ಕಾಣುತ್ತಿತ್ತು. ಈಗ ಅಲ್ಲಿ ಕಬ್ಬಿನ ಗೋಡೆ. ಗಾಳಿ ಬೀಸಿದಾಗಲೆಲ್ಲ ಗರಿಗಳು ತಟ್ಟೆಯ ಎದುರಿಗೇ ಬಾಗುತ್ತಿದ್ದವು. ಮೂರು ತಲೆಮಾರು ಕಬ್ಬು ಬೆಳೆದ ಮನೆ ನಮ್ಮದು. ಕಂಬ ನೆಡುವಾಗ ಕಬ್ಬು ಬೆಳೆಯುತ್ತದೆ ಎಂಬುದು ಒಬ್ಬರಿಗೂ ನೆನಪಾಗಿರಲಿಲ್ಲ.

"ನಿನ್ನ ಆಟಕ್ಕ ಕಬ್ಬ ಕಡೀಲೇನು?" ಎಂದ ಕಾಕಾ. "ಕಡಿಯೂ ಪಾಳಿ ಡಿಸೆಂಬರಕ್ಕ ಐತಿ."

"ಕಬ್ಬ ಇರ್ಲಿ ಬಿಡ್ರಿ ಕಾಕಾ. ದ್ರಾಕ್ಷಿ ಚಪ್ಪರದ ಹಳೇ ಕಬ್ಬಿಣದ ಆಂಗಲ್ ಎರಡ ಕೊಡ್ರಿ."

"ಕೊಡಂಗಿಲ್ಲ. ಹುಡುಗಿ ಪತ್ರಾದ ಮ್ಯಾಲ ಹತ್ತಿದ್ರ ಮಂದಿ ಏನಂದಾರು?"

"ಕಳ್ಳಿ ಅಂತ ಆಗ್ಲೇ ಅಂದಾರ್ರಿ. ಇನ್ನೇನ್ ಉಳದೈತಿ ಅನ್ನಾಕ?"

ಶನಿವಾರ ಕಾಕಾ ಐನಾಪುರಕ್ಕೆ ಹೋದೊಡನೆ ನಾನು ಏಣಿ ಹಾಕಿದೆ. ಕೇಳದೆಯೇ ತಂದ ಎರಡು ಆಂಗಲ್ ಜೋಡಿಸಿ ಬೋಲ್ಟ್ ಬಿಗಿದು, ತಟ್ಟೆಯನ್ನು ಕಬ್ಬಿನ ತಲೆಗಿಂತ ಎರಡು ಮೊಳ ಮೇಲಕ್ಕೇರಿಸಿದೆ. ಬಿಸಿ ಪತ್ರಾಕ್ಕೆ ಮೊಣಕಾಲು ಸುಟ್ಟಿತು. ಕಾಕಾ ಬಂದು ತಲೆಯೆತ್ತಿ ನೋಡಿದ. ಏಣಿ ಹತ್ತಿ, ಕಂಬವನ್ನು ಒಮ್ಮೆ ಅಲುಗಾಡಿಸಿ, ಒಂದು ಬೋಲ್ಟನ್ನು ಇನ್ನಷ್ಟು ಬಿಗಿದು ಇಳಿದ.

ಭಾನುವಾರ ಗಾಳಿ ಜೋರಾಗಿತ್ತು. ಎರಡು ಗಂಟೆ ಆಡಿದೆವು. ಇಬ್ಬರೂ ಒಂದಾಗಿ ನನ್ನ ಕೋಟೆಯನ್ನು ತಳಪಾಯ ಸಮೇತ ಕಿತ್ತುಹಾಕಿದರು. ಸಂಪರ್ಕ ಒಮ್ಮೆಯೂ ಕಡಿಯಲಿಲ್ಲ.

"ಇವತ್ತ ಯಾಕ ಕೀಳಲಿಲ್ಲ?" ಎಂದಳು ಐನಾಪುರದವಳು ಫೋನಿನಲ್ಲಿ.

"ಯಾವತ್ತೂ ಕಿತ್ತಿಲ್ಲ. ಗಾಳಿಗೆ ಕಬ್ಬ ಅಡ್ಡ ಬರ್ತಿತ್ತ, ತಟ್ಟಿ ಮ್ಯಾಲ ಏರಿಸೇನಿ."

"ಸರ್ವರ್ ಅಲ್ಲೇ ಇರ್ಲಿ ತಗೋ," ಎಂದಳು ಹಾರೂಗೇರಿಯವಳು.

"ಅಷ್ಟಕ್ಕ ಆಗಂಗಿಲ್ಲ," ಎಂದೆ. "ನಾಳೆ ಬರುವಾಗ ಪೆನ್ ನಿಮ್ದ ತರ್ರಿ."

ಸೋಮವಾರ ಅದೇ ಕ್ಯಾಂಟೀನಿನಲ್ಲಿ ವಹಿ ಅವರ ಮುಂದಿಟ್ಟೆ. ಐನಾಪುರದವಳು ಗೊಣಗುತ್ತ ಬರೆದಳು, ಇನ್ನೊಬ್ಬಳು ಸಹಿ ಹಾಕಿದಳು. ಇಡೀ ವಹಿಯಲ್ಲಿ ನನ್ನ ಅಕ್ಷರವಲ್ಲದ ಸಾಲು ಅದೊಂದೇ: ಗಾಳಿ ಜೋರು, ಕಡಿತ ಸೊನ್ನೆ, ಸೋತವಳು ಸರ್ವರಿನವಳು.