ಬಸ್ಸು ನಿಂತ ಮೇಲೆ ಹತ್ತುವ ಯೆಲ್ಬಾ

ಗಂಡನನ್ನು ಮಣ್ಣು ಮಾಡಿ ಬಂದ ಮೇಲಿನ ಒಂಬತ್ತು ರಾತ್ರಿಗಳ ಪ್ರಾರ್ಥನೆ ನಿನ್ನೆಗೆ ಮುಗಿದಿದೆ. ಇವತ್ತು ಯಾರೂ ಬಾಗಿಲು ತಟ್ಟಲಿಲ್ಲ, ಯಾರೂ ಕಾಫಿ ಕಾಯಿಸಿಕೊಡಲಿಲ್ಲ. ಬೆಳಕು ಹರಿಯುವ ಮೊದಲೇ ಯೆಲ್ಬಾ ಎಸ್ತೆಲಿಯ ಬಸ್ ನಿಲ್ದಾಣಕ್ಕೆ ಬಂದಿದ್ದಾಳೆ. ಗಂಡನ ಪ್ಯಾಂಟು ತೊಟ್ಟು ಕೆಳಗೆ ಮಡಚಿಕೊಂಡಿದ್ದಾಳೆ. ಹಳೆಯ ಹಳದಿ ಸ್ಕೂಲ್ ಬಸ್ಸಿನ ಹಿಂದಿನ ಏಣಿ ಹತ್ತಿ, ಮೆಕ್ಕೆಜೋಳದ ಮೂಟೆ, ಕೋಳಿಬುಟ್ಟಿ, ಬಿಳಿಯರ ಬೆನ್ನುಚೀಲಗಳನ್ನು ಒಂದೊಂದಾಗಿ ಮೇಲೆಳೆದು ಹಗ್ಗ ಬಿಗಿಯುತ್ತಿದ್ದಾಳೆ.

“ಏ ಹುಡುಗಿ, ಇಳಿ. ಬಿದ್ದೀಯ,” ಎಂದು ಕೆಳಗಿನಿಂದ ಕೂಗುತ್ತಾರೆ ಬಸ್ಸಿನ ಮಾಲೀಕರೂ ಚಾಲಕರೂ ಆದ ದೋನ್ ಫಿಲೆಮೋನ್.

“ಬಿದ್ದಿದ್ದು ನಾನಲ್ಲವಲ್ಲ.”

ಅವರು ಹೋಗಿ ಸ್ಟೀರಿಂಗ್ ಮುಂದೆ ಕೂರುತ್ತಾರೆ.

ಯೆಲ್ಬಾ ಲೆಯೋನ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಕಿಯಾಗಲು ಓದಿದವಳು. ಕೆಲಸ ಸಿಗಲಿಲ್ಲ. ಸಿಕ್ಕಿದ್ದು ಈ ಬಸ್ಸಿನಲ್ಲಿ ಟಿಕೆಟ್ ದುಡ್ಡು ವಸೂಲಿ ಮಾಡುವ ಕೆಲಸ, ಮತ್ತು ಬಸ್ಸಿನ ನೆತ್ತಿಯ ಮೇಲೆ ಸಾಮಾನು ಕಟ್ಟುತ್ತಿದ್ದ ಎವೆನೋರ್. ಅವನನ್ನೇ ಮದುವೆಯಾದಳು. “ಅವನು ಮೇಲೆ, ನಾನು ಕೆಳಗೆ. ದಿನವಿಡೀ ಮಾತಿಲ್ಲ. ಅವನು ಮೇಲಿನ ತಗಡು ಒಂದು ಸಲ ಗುದ್ದಿದರೆ ಹೊರಡು, ಎರಡು ಸಲ ಗುದ್ದಿದರೆ ನಿಲ್ಲಿಸು. ಮೂರು ಸಲ ಗುದ್ದಿದರೆ ನನಗೆ,” ಎನ್ನುತ್ತಾಳೆ. ಅದರರ್ಥ ಏನೆಂದು ಕೇಳಿದರೆ, “ಏನಿಲ್ಲ. ಇದ್ದೀನಿ ಅಂತ.”

ಎಸ್ತೆಲಿಯಿಂದ ಸೊಮೊತೊ ದಾಟಿ ಹೊಂಡುರಾಸ್ ಗಡಿಯವರೆಗೆ ಇವರ ಓಡಾಟ. ಖರ್ಚಿಗೆ ಕೈ ಬಿಗಿ ಹಿಡಿದು ದೇಶ ಸುತ್ತುವ ಬಿಳಿ ಹುಡುಗ ಹುಡುಗಿಯರಿಗೆ ಈ ಬಸ್ಸೇ ಗತಿ. ರಾಜಧಾನಿಯಿಂದ ಬರುವ ಎ.ಸಿ. ವ್ಯಾನಿನ ಒಂದು ಸೀಟಿನ ದುಡ್ಡಿಗೆ ಅವರು ಇಲ್ಲಿ ವಾರವಿಡೀ ಅನ್ನ, ಬೀನ್ಸು ತಿಂದು ಓಡಾಡುತ್ತಾರೆ. ಹೆಚ್ಚಿನವರು ಇಳಿಯುವುದು ಕಣಿವೆಯ ತಿರುವಿನಲ್ಲಿ.

ಈ ದಾರಿಯ ಬಸ್ಸುಗಳಲ್ಲಿ ಒಂದು ರೂಢಿಯಿದೆ. ಇಳಿಯುವ ಜಾಗ ಬರುವ ಮೊದಲೇ, ಸಹಾಯಕ ಓಡುವ ಬಸ್ಸಿನ ಹಿಂಬಾಗಿಲಿನಿಂದ ಹೊರಬಂದು, ಏಣಿ ಹತ್ತಿ ಹಗ್ಗ ಬಿಚ್ಚಿಟ್ಟಿರಬೇಕು. ಬಸ್ಸು ನಿಂತ ಗಳಿಗೆಯಲ್ಲೇ ಚೀಲ ಕೆಳಗಿರಬೇಕು. ಇಲ್ಲದಿದ್ದರೆ ಹಿಂದಿನ ಬಸ್ಸು ದಾಟಿಹೋಗಿ ಮುಂದಿನ ಜನರನ್ನೆಲ್ಲ ಬಾಚಿಕೊಳ್ಳುತ್ತದೆ. ನಿಂತ ಮೇಲೆ ಹತ್ತುವವನನ್ನು ‘ಅಜ್ಜಿ’ ಎಂದು ಗೇಲಿ ಮಾಡುತ್ತಾರೆ.

ಎವೆನೋರ್ ಅವತ್ತೂ ಮೊದಲೇ ಹಗ್ಗ ಬಿಚ್ಚಿದ. ತಿರುವಿನಲ್ಲಿ ಬಸ್ಸು ವಾಲಿತು. ಆಸರೆಗೆಂದು ಹಗ್ಗ ಹಿಡಿದುಕೊಂಡ. ತಾನೇ ಬಿಚ್ಚಿದ್ದ ಹಗ್ಗ.

“ಕನ್ನಡಿಯಲ್ಲಿ ಏನೋ ಬಿದ್ದಿದ್ದು ಕಾಣಿಸ್ತು,” ಎನ್ನುತ್ತಾರೆ ದೋನ್ ಫಿಲೆಮೋನ್, ರಸ್ತೆಯಿಂದ ಕಣ್ಣು ತೆಗೆಯದೆ. “ಚೀಲ ಬಿತ್ತು ಅಂದ್ಕೊಂಡೆ. ಬೈಕೊಂಡೇ ಬ್ರೇಕ್ ಹಾಕಿದೆ.”

ಯೆಲ್ಬಾ ಆಗ ಒಬ್ಬ ಮುದುಕಿಗೆ ಚಿಲ್ಲರೆ ಕೊಡುತ್ತಿದ್ದಳು. “ಎಲ್ಲರೂ ಇಳಿದು ಓಡಿದರು. ಆಕೆ ಕೈ ಚಾಚಿಕೊಂಡೇ ಕೂತಿದ್ದಳು. ನಾನೂ ಎಣಿಸಿ ಕೊಟ್ಟೇ ಇಳಿದೆ. ಯಾಕೆ ಅಂತ ಗೊತ್ತಿಲ್ಲ.”

ಇನ್ನು ಮುಂದೆ ಬಸ್ಸಿಗೆ ಒಬ್ಬರೇ ಸಾಕು, ಮೇಲಿನ ಕೆಲಸವೂ ಕೆಳಗಿನದೂ ಆ ಒಬ್ಬರದೇ ಎಂದು ದೋನ್ ಫಿಲೆಮೋನ್ ಹೇಳಿಬಿಟ್ಟಿದ್ದಾರೆ. ನಾಳೆಯಿಂದ ಅವರ ಅಕ್ಕನ ಮಗ ಬರಬೇಕು. ಯೆಲ್ಬಾ ಕೇಳಿ ಪಡೆದದ್ದು ಇವತ್ತಿನ ಒಂದು ದಿನ. ಅದಕ್ಕೂ ಒಂದು ಷರತ್ತು ಹಾಕಿದ್ದಾಳೆ. ಬಸ್ಸು ನಿಲ್ಲದೆ ಹತ್ತುವುದಿಲ್ಲ.

ಕಣಿವೆಯ ತಿರುವು ಹತ್ತಿರ ಬರುತ್ತದೆ. ಹಿಂದಿನಿಂದ ಪೈಪೋಟಿಯ ಬಸ್ಸು ಹಾರ್ನ್ ಬಾರಿಸುತ್ತಿದೆ.

“ಮೇಲೆ ಹೋಗು!” ಎಂದು ಕೂಗುತ್ತಾರೆ ದೋನ್ ಫಿಲೆಮೋನ್.

“ನಿಲ್ಲಿಸಿ.”

“ದಾಟಿ ಹೋಗ್ತಾನೆ ಕಣಮ್ಮಾ!”

“ಹೋಗಲಿ. ನಿಲ್ಲಿಸಿ.”

ಬಸ್ಸು ನಿಲ್ಲುತ್ತದೆ. ಅವಳು ಹತ್ತುತ್ತಾಳೆ. ಗಂಟು ಬಿಚ್ಚುವ ಕೈಗೆ ಅವಸರವಿಲ್ಲ. “ತಾಯೀ, ನನ್ನ ಕೋಳಿ ಮೊಟ್ಟೆಯಿಟ್ಟು ಮರಿ ಮಾಡೋ ಹೊತ್ತಾಯ್ತು!” ಎಂದು ಒಳಗಿನಿಂದ ಯಾರೋ ಕೂಗಿದರೆ ಬಸ್ಸೆಲ್ಲ ನಗುತ್ತದೆ. ಪಕ್ಕದಲ್ಲೇ ಪೈಪೋಟಿಯ ಬಸ್ಸು ನುಗ್ಗಿ ಹೋಗುತ್ತದೆ. ಅದರ ಏಣಿಗೆ ಜೋತುಬಿದ್ದ ಸಹಾಯಕ ನೊಯೆಲ್, “ಅಜ್ಜೀ, ಮಂಡಿ ಹುಷಾರು!” ಎಂದು ಕೇಕೆ ಹಾಕುತ್ತಾನೆ. ಮೇಲಿರುವವಳು ಯಾರೆಂದು ಕಾಣುತ್ತಲೇ ಅವನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯುತ್ತದೆ. ಮುಂದಿನ ಮೂರು ನಿಲ್ದಾಣಗಳಲ್ಲಿ ಇವರ ಬಸ್ಸಿಗೆ ಒಬ್ಬರೂ ಹತ್ತುವುದಿಲ್ಲ.

ಗಡಿಯಲ್ಲಿ ಒಬ್ಬ ಬಿಳಿ ಹುಡುಗಿ ಬಸ್ಸಿನ ಕೆಳಗೆ ನಿಂತು, ನೆತ್ತಿಯ ಕಡೆ ಮುಖವೆತ್ತಿ, “ಎವೆನೋರ್! ಎವೆನೋರ್!” ಎಂದು ನಗುತ್ತಾ ಕರೆಯುತ್ತಾಳೆ. ಎರಡು ವಾರದ ಹಿಂದೆ ಇದೇ ಬಸ್ಸಿನಲ್ಲಿ ಬಂದು ಆಚೆ ದಾಟಿದವಳು. ಮೇಲಿನಿಂದ ಯೆಲ್ಬಾ ಇಣುಕುತ್ತಾಳೆ. ಹುಡುಗಿಗೆ ಸ್ಪ್ಯಾನಿಷ್ ಬಾರದು. ಯೆಲ್ಬಾ ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳುತ್ತಾಳೆ. ಹುಡುಗಿ ಚೀಲದ ಸಮೇತ ನೆಲದ ಮೇಲೆ ಕುಳಿತುಬಿಡುತ್ತಾಳೆ.

“ಅವಳ ಭಾಷೆ ಆಗಿದ್ದಕ್ಕೆ ಬಾಯಿಂದ ಬಂತು. ನಮ್ಮ ಭಾಷೆಯಲ್ಲಿ ಇನ್ನೂ ಬಂದಿಲ್ಲ,” ಎನ್ನುತ್ತಾಳೆ ಯೆಲ್ಬಾ.

ವಾಪಸು ಬರುವಾಗ ಮಳೆ ಹಿಡಿಯುತ್ತದೆ. ಬಸ್ಸು ನಿಲ್ಲಿಸಿ, ಹಿಂದಿನ ಸೀಟಿನಡಿಯಿಂದ ನೀಲಿ ಟಾರ್ಪಾಲು ಎಳೆದು ಬಿಡಿಸುತ್ತಾಳೆ. ಮೂಲೆಯಲ್ಲಿ ನೊಯೆಲ್ ಎಂದು ಬಿಳಿ ಬಣ್ಣದಲ್ಲಿ ಬರೆದಿದೆ. ತಮ್ಮದು ಹರಿದಿದ್ದಕ್ಕೆ ಎವೆನೋರ್ ಕೇಳಿ ತಂದಿದ್ದ. ಸತ್ತವನ ಮನೆಗೆ ಹೋಗಿ ಟಾರ್ಪಾಲು ಕೇಳಲು ನೊಯೆಲ್‌ಗೆ ಬಾಯಿ ಬಂದಿಲ್ಲ. ಚೀಲಗಳಿಗೆ ಅದನ್ನೇ ಹೊದಿಸಿ ಇಳಿಯುತ್ತಾಳೆ.

ಎಸ್ತೆಲಿ ತಲುಪಿ ಜನ ಇಳಿದ ಮೇಲೆ ದೋನ್ ಫಿಲೆಮೋನ್ ಎಂಜಿನ್ ಆರಿಸುತ್ತಾರೆ.

“ಅರ್ಧ ಜನ ಅವರ ಬಸ್ಸಿಗೆ ಹೋದರು.”

“ಹೌದು.”

“ನಾಳೆನೂ ಹೋಗ್ತಾರೆ.”

“ಹೋಗ್ತಾರೆ.”

ಅವರು ಕನ್ನಡಿಯನ್ನು ತುಸು ಹೊತ್ತು ನೋಡುತ್ತಾರೆ. ಆಮೇಲೆ ಫೋನು ತೆಗೆದು ಅಕ್ಕನ ಮಗನಿಗೆ ಹೇಳುತ್ತಾರೆ: “ನಾಳೆ ಬರಬೇಡ ಮಗಾ. ಆಳು ಇದ್ದಾಳೆ.”

ಯೆಲ್ಬಾ ಬಸ್ಸಿನಿಂದ ಇಳಿಯುತ್ತಾಳೆ. ಟಾರ್ಪಾಲು ಕೊಡವಿ, ನಾಲ್ಕು ಮಡಿಕೆ ಮಾಡಿ, ನಿಲ್ದಾಣದ ಆ ತುದಿಗೆ ನಡೆಯುತ್ತಾಳೆ. ನೊಯೆಲ್‌ನ ಬಸ್ಸು ಆಗಲೇ ಉರುಳತೊಡಗಿದೆ. ಒಂದು ಕೈಯಲ್ಲಿ ಏಣಿ ಹಿಡಿದು ಅವನು ಇನ್ನೊಂದನ್ನು ಚಾಚುತ್ತಾನೆ.

“ಎಸಿ ಯೆಲ್ಬಾ, ಎಸಿ!”

“ಇಳಿದು ತಗೋ.”

“ಬಸ್ಸು ಹೊರಟಿದೆ ಕಣೇ!”

“ಕಾಣ್ತಿದೆ.”

ಅವಳು ಎಸೆಯುವುದಿಲ್ಲ, ಓಡುವುದೂ ಇಲ್ಲ. ಟಾರ್ಪಾಲನ್ನು ಎದೆಗವಚಿಕೊಂಡು ನಿಂತಲ್ಲೇ ನಿಲ್ಲುತ್ತಾಳೆ. ನೊಯೆಲ್ ಅವಳನ್ನು ನೋಡುತ್ತಾನೆ, ಮುಂದೆ ನೋಡುತ್ತಾನೆ, ಮತ್ತೆ ಅವಳನ್ನು ನೋಡುತ್ತಾನೆ. ಕೊನೆಗೆ, “ನಿಲ್ಸಪ್ಪೋ!” ಎಂದು ಅರಚುತ್ತಾನೆ. ಅವನ ಚಾಲಕ ಕಿಟಕಿಯಿಂದ ತಲೆ ಹಾಕಿ ಬೈಯುತ್ತಾನೆ. ಬಸ್ಸು ಪೂರ್ತಿ ನಿಲ್ಲುತ್ತದೆ. ನೊಯೆಲ್ ಎರಡೂ ಕಾಲು ನೆಲಕ್ಕೂರಿ, ನಡೆದುಬಂದು, ಎರಡೂ ಕೈಯಿಂದ ತೆಗೆದುಕೊಳ್ಳುತ್ತಾನೆ.

“ಇನ್ನೂ ಒದ್ದೆ ಇದೆ,” ಎನ್ನುತ್ತಾಳೆ ಯೆಲ್ಬಾ. “ಮನೆಗೆ ಹೋಗಿ ಹರವು.”