ಡಿಸ್ಪ್ಯಾಚ್ ಗುಮಾಸ್ತೆಯ ಬಯಕೆ ಬುತ್ತಿ

ಎಂಬತ್ತರ ದಶಕದಲ್ಲಿ ನಾನು ಜೇವರ್ಗಿಯ ಒಂದು ಕಚೇರಿಯಲ್ಲಿ ಡಿಸ್ಪ್ಯಾಚ್ ಗುಮಾಸ್ತೆಯಾಗಿದ್ದೆ. ಸೇರಿದ ಹೊಸದರಲ್ಲೇ 'ಡಿಸ್ಪ್ಯಾಚ್' ಪದವನ್ನು ನಿಘಂಟಿನಲ್ಲಿ ಹುಡುಕಿದ್ದೆ. ಬೇಗ ಕಳಿಸುವುದು, ಕೆಲಸ ಚಟಪಟ ಮುಗಿಸುವುದು, ರಣರಂಗದಿಂದ ಬಂದ ಸುದ್ದಿ; ಕೊನೆಗೆ, ಒಬ್ಬನನ್ನು ಕೊಂದು ಮುಗಿಸುವುದು ಎಂದೂ ಇತ್ತು. ಮೂಲ ಸ್ಪೇನಿನದೋ ಇಟಲಿಯದೋ, ಬಲ್ಲವರಿಗೂ ಖಾತ್ರಿಯಿಲ್ಲವಂತೆ. ಎಲ್ಲಿಯದಾದರೂ ಹುಟ್ಟಿದ್ದು ಮಾತ್ರ ಅವಸರದ ಮನೆಯಲ್ಲಿ. ನಮ್ಮ ಕಚೇರಿಗೆ ಬಂದ ಮೇಲೆ ಅದಕ್ಕೆ ನಿದ್ದೆ ಹತ್ತಿತ್ತು. 'ಅರ್ಜೆಂಟ್' ಲಕೋಟೆಗಳು ಸಾಹೇಬರ ಸಹಿಗಾಗಿ ವಾರಗಟ್ಟಲೆ ಮಲಗಿರುತ್ತಿದ್ದವು.

ನಿಜವಾದ ಡಿಸ್ಪ್ಯಾಚ್ ಇದ್ದದ್ದು ನಮ್ಮ ಕಡೆಯ ಬಸ್ಸುಗಳಲ್ಲಿ. ರೊಟ್ಟಿ ಗಂಟು, ಔಷಧಿ, ಹೊಲಿಸಿದ ಕುಪ್ಪಸ, ಏನೇ ಇರಲಿ, ಕಂಡಕ್ಟರನ ಕೈಗಿಟ್ಟು ಯಾರಿಗೆಂದು ಬಾಯಿಮಾತಿನಲ್ಲಿ ಹೇಳಿದರೆ ಮುಗಿಯಿತು.

ನಾನಾಗ ಚೊಚ್ಚಲ ಬಸುರಿ. ಮಣ್ಣೂರಿನಲ್ಲಿದ್ದ ಅವ್ವನ ಕೈಯ ಹುಳಿಸೊಪ್ಪಿನ ಪುಂಡಿಪಲ್ಯ ತಿನ್ನದಿದ್ದರೆ ಜೀವ ನಿಲ್ಲದು ಎನ್ನುವಂಥ ಬಯಕೆ. ಹೋಗೋಣವೆಂದರೆ ರಜೆ ಸಿಗಲಿಲ್ಲ. ಅಫಜಲಪುರದ ಮೇಲೆ ಹಾದು ಬರುವ ಸೋಮವಾರದ ಬಸ್ಸಿಗೆ ಬುತ್ತಿ ಕೊಡುತ್ತೇನೆಂದು ಅವ್ವ ಹೇಳಿಕಳಿಸಿದಳು. ಸಾಹೇಬರಿಗೆ ಅಂದೇ ಸಹಿ ಹಾಕುವ ಹುಮ್ಮಸ್ಸು ಬರಬೇಕೇ. ಮನಸಾರೆ ಶಪಿಸುತ್ತ ಲಕೋಟೆಗಳನ್ನೆಲ್ಲ ಅಂಟಿಸಿ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಬಸ್ಸು ಹೋಗಿತ್ತು.

ಬೇವಿನ ಮರದಡಿ ಒಬ್ಬ ತುಂಬು ಬಸುರಿ ಅವ್ವನ ಗಂಟು ಬಿಚ್ಚಿಕೊಂಡು ಉಣ್ಣುತ್ತಿದ್ದಳು. ಗಂಟು ಕಟ್ಟಿದ ಅರಿವೆ ನನ್ನ ಹಳೆಯ ಲಂಗದ್ದು. ಗುರುತು ಸಿಗದೇ ಇರುತ್ತದೆಯೇ? ನನಗೆ ಮೈಯೆಲ್ಲ ಉರಿಯಿತು.

"ಯಾರ ಬುತ್ತಿ ಉಣ್ಣಾಕತ್ತಿ?" ಎಂದೆ.

"ನಂದೇ ಅದ್ರಿ ಅಕ್ಕಾ," ಎಂದಳು ನಗುತ್ತ. "ಅಫಜಲಪುರದಾಗ ನಮ್ಮ ಅಣ್ಣ, ಭಾಬಿ ಇದ್ದಾರ್ರಿ. ಅಮ್ಮಿ ಸತ್ತ ಮ್ಯಾಲ ಒಮ್ಮೆಯೂ ಕರದಿಲ್ಲ, ಕೇಳಿಲ್ಲ. ನಾ ಸೋಮವಾರಕ್ಕೊಮ್ಮೆ ದವಾಖಾನಿಗಿ ಬರ್ತೇನ್ರಿ. ಇವತ್ತ ಕಂಡಕ್ಟರ್ ಬಂದು, ನಿನ್ನ ತವರಿಂದ ಬುತ್ತಿ ಬಂದದ ಅಂತ ಕೈಗಿಟ್ಟ. ಭಾಬಿ ನೆನಸ್ಯಾಳ ನೋಡ್ರಿ. ಬರ್ರಿ, ನೀವೂ ಉಣ್ರಿ."

ಸ್ಟ್ಯಾಂಡಿನಲ್ಲಿ ಬಸುರಿಯೊಬ್ಬಳು ಕಾಯುತ್ತಿರುತ್ತಾಳೆ, ಅವಳಿಗೆ ಕೊಡು ಎಂದು ಅವ್ವ ಕಂಡಕ್ಟರನಿಗೆ ಹೇಳಿರಬೇಕು. ಅವನು ಕೊಟ್ಟಿದ್ದ, ಅವನದೇನು ತಪ್ಪು? ನಿಜ ಹೇಳಲು ಬಾಯಿ ತೆರೆದೆ. ಆಕೆಯ ಮುಖದ ಖುಷಿ ನೋಡಿದೆ. ಪಕ್ಕದಲ್ಲಿ ಕೂತು, ನನ್ನವ್ವನ ಪುಂಡಿಪಲ್ಯವನ್ನು ಬೀಗರ ಮನೆಗೆ ಬಂದವಳಂತೆ ನಾಚುತ್ತ ಉಂಡೆ. "ನಿಮ್ಮ ಭಾಬಿ ಕೈ ಛಲೋ ಅದ," ಎಂದು ಹೊಗಳಿಯೂ ಬಂದೆ. ಮನೆಗೆ ಹೋಗಿ ಒಬ್ಬಳೇ ನಕ್ಕೆ, ಸ್ವಲ್ಪ ಅತ್ತೆ ಕೂಡ.

ನಡೆದದ್ದನ್ನೆಲ್ಲ ಅದೇ ಕಂಡಕ್ಟರನ ಮೂಲಕ ಅವ್ವನಿಗೆ ಹೇಳಿಕಳಿಸಿದೆ. ಮುಂದಿನ ಸೋಮವಾರ ಅವನು ಎರಡು ಗಂಟು ಹಿಡಿದು ಇಳಿದ. ಸಣ್ಣದನ್ನು ನನ್ನ ಕೈಗಿಟ್ಟು, ದೊಡ್ಡದನ್ನು ಹೊತ್ತು ಬೇವಿನ ಮರದ ಕಡೆ ಹೊರಟ.

"ಅದು ಯಾಕೋ ಅಷ್ಟು ದೊಡ್ಡದು?" ಎಂದೆ.

ಅವನು ದನಿ ತಗ್ಗಿಸಿದ. "ಆಕಿಗಿ ಭಾಬಿನೇ ಕಳಿಸ್ಯಾಳ ಅಂತ ಹೇಳು ಅಂದಾರ್ರಿ ನಿಮ್ಮವ್ವ."